ಹಳೇ ಪಾರ್ಟ್‌ನರ್‌ನ ಪ್ರೆಸ್ ಮಾರಾಟಕ್ಕಿದೆ. ಬೇಕು ಅಂತಿರೋದು ನನ್ನ ವ್ಯಾಪಾರಕ್ಕಾ, ನನ್ನ ಸಿಟ್ಟಿಗಾ?

ಮಸಿಕೈ
ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್. 11 ವರ್ಷ ಪಾರ್ಟ್‌ನರ್ ಜೊತೆ ನಡೆಸಿದೆ, 6 ವರ್ಷದ ಹಿಂದೆ ಬೇರೆ ಆದ್ವಿ. ಬೇರೆ ಆದ್ವಿ ಅನ್ನೋದು ಮರ್ಯಾದೆಯ ಮಾತು. ನಾನು ಆಪರೇಷನ್ ಆಗಿ ಮಲಗಿದ್ದ ಹತ್ತು ದಿನದಲ್ಲಿ ಆ ಮನುಷ್ಯ ನಮ್ಮ ಇಬ್ಬರು ದೊಡ್ಡ ಗಿರಾಕಿಗಳನ್ನ ಒಳಗೊಳಗೇ ಮಾತಾಡಿಕೊಂಡು ತನ್ನದೇ ಪ್ರೆಸ್ ಹಾಕೋಕೆ ಎಲ್ಲಾ ಸಿದ್ಧ ಮಾಡ್ಕೊಂಡಿದ್ದ.

ಈಗ ಅವನ ಪ್ರೆಸ್ ಮಾರಾಟಕ್ಕಿದೆ. ಮಷೀನು, ಬಾಡಿಗೆ ಕರಾರು, ಗಿರಾಕಿ ಪಟ್ಟಿ, ಎಲ್ಲಾ ಸೇರಿಸಿ. ಬ್ರೋಕರ್ ಮೊದಲ ಫೋನು ನನಗೇ ಮಾಡಿದ. ಆವತ್ತಿಂದ ಕಣ್ಮುಚ್ಚಿದ್ರೆ ಒಂದೇ ದೃಶ್ಯ. ನಾನು ಕೆಳಗೆ ನಿಂತಿದೀನಿ, ಮೇಲೆ ಏಣಿ ಹತ್ತಿದವನು ಅವನ ಬೋರ್ಡು ಬಿಚ್ತಾ ಇದಾನೆ.

ಲೆಕ್ಕ ಹಾಕಿ ನೋಡಿದೀನಿ. ನಾಲ್ಕು ಸಲ. ನಾಲ್ಕು ಸಲವೂ ಲಾಭ ಅಂತಲೇ ಬಂತು. ಅದೇ ನನಗೆ ಅನುಮಾನ. ನನ್ನ ಜೀವಮಾನದಲ್ಲಿ ಯಾವ ಲೆಕ್ಕವೂ ಮೊದಲನೇ ಸಲಕ್ಕೆ ಲಾಭ ತೋರಿಸಿಲ್ಲ.

ಇಂಥದ್ರಲ್ಲಿ ಮನಸ್ಸಿನ ಕೈಗೆ ಪೆನ್ನು ಸಿಗದ ಹಾಗೆ ನೋಡ್ಕೊಳ್ಳೋದು ಹೇಗೆ? ಅನುಭವ ಇದ್ದೋರು ಹೇಳಿ.

ಟೈರ್‌ಪಂಕ್ಚರ್
ತಗೊಳ್ಳಿ ಸಾರ್. ಬೋರ್ಡು ಇಳಿಸೋ ವಿಡಿಯೋ ಇಲ್ಲೇ ಹಾಕಿ.

ತಕ್ಕಡಿ
ವಿಡಿಯೋ ಆಮೇಲೆ. ನಾನು ಲೆಕ್ಕಪತ್ರದ ಕೆಲಸದವಳು, ನನ್ನ ಪ್ರಶ್ನೆಗಳು ಸ್ವಲ್ಪ ಒಣಗಿರ್ತವೆ.

ನಿಮ್ಮ ಈಗಿರೋ ಮಷೀನು ದಿನಕ್ಕೆ ಎಷ್ಟು ಗಂಟೆ ಓಡುತ್ತೆ? ಅವನ ಗಿರಾಕಿಗಳು ಅವನನ್ನ ನೋಡಿ ಬರ್ತಿದ್ದಾರೋ ಪ್ರೆಸ್ ನೋಡಿಯೋ? ಸಾಲಕ್ಕೆ ಜಾಮೀನು ಏನು ಇಡ್ತೀರಿ? ಎಲ್ಲಕ್ಕಿಂತ ಮೊದಲು, ಅವನು ಯಾಕೆ ಮಾರ್ತಿದ್ದಾನೆ? ನಿಮ್ಮ ಪೋಸ್ಟಿನಲ್ಲಿ ಬೋರ್ಡಿನ ವಿಷಯ ಇದೆ, ಆಪರೇಷನ್ ವಿಷಯ ಇದೆ, ಇದು ಮಾತ್ರ ಇಲ್ಲ.

ನಿಧಾನಸ್ಥ
ವಾರನ್ ಬಫೆಟ್ ಕಥೆ ನೆನಪಾಯ್ತು. ಬರ್ಕ್‌ಷೈರ್ ಹ್ಯಾಥವೇ ಅನ್ನೋದು ಮೊದಲು ಬಟ್ಟೆ ಮಿಲ್ಲು, ಮುಳುಗ್ತಾ ಇತ್ತು. 1964ರಲ್ಲಿ ಅದರ ಮುಖ್ಯಸ್ಥ ಸೀಬರಿ ಸ್ಟಾಂಟನ್, ನಿನ್ನ ಷೇರು ಎಷ್ಟಕ್ಕೆ ಕೊಡ್ತೀಯ ಅಂತ ಬಫೆಟ್‌ನ ಕೇಳಿದ. 11.50 ಡಾಲರ್ ಅಂತ ಬಾಯಿಮಾತಲ್ಲಿ ಒಪ್ಪಂದ ಆಯ್ತು. ಕಾಗದ ಬಂದಾಗ ನೋಡಿದ್ರೆ ಅರ್ಧ ಡಾಲರ್ ಕಮ್ಮಿ. ಬಫೆಟ್‌ಗೆ ಸಿಟ್ಟು ನೆತ್ತಿಗೇರ್ತು. ಮಾರೋದು ಬಿಟ್ಟು ಇನ್ನೂ ಕೊಂಡ, ಮರುವರ್ಷ ಕಂಪನಿಯನ್ನೇ ಕೈಗೆ ತಗೊಂಡು ಸ್ಟಾಂಟನ್‌ನ ಹೊರಗೆ ಕಳಿಸಿದ. ಸೇಡು ತೀರ್ತು. ಕೈಯಲ್ಲಿ ಉಳಿದದ್ದು ಸಾಯ್ತಿರೋ ಮಿಲ್ಲು. ಅದನ್ನ 1985ರಲ್ಲಿ ಮುಚ್ಚೋವರೆಗೂ ಸಾಕಿದ.

ನಿಮ್ಮ ಕಥೆಯಲ್ಲಿ ಮಿಲ್ಲಿನ ಜಾಗಕ್ಕೆ ಪ್ರೆಸ್ ಬಂದಿದೆ ಅಷ್ಟೆ.

ಅಡ್ಡಗೆರೆ
ಅರ್ಧ ಡಾಲರ್ ಅಲ್ಲ ಮಾರಾಯ್ರೆ. ಬಂದ ಕಾಗದದಲ್ಲಿದ್ದದ್ದು ಹನ್ನೊಂದೂ ಮೂರೆಂಟಾಂಶ, ಅಂದ್ರೆ 11.375. ವ್ಯತ್ಯಾಸ ಹನ್ನೆರಡೂವರೆ ಸೆಂಟ್. ಕಥೆಯ ಮಜಾ ಇರೋದೇ ಆ ಚಿಲ್ಲರೆಯಲ್ಲಿ, ಅದನ್ನ ನಾಲ್ಕು ಪಟ್ಟು ಮಾಡಿ ಕೆಡಿಸಿಬಿಟ್ರಿ.

ನಿಧಾನಸ್ಥ
ಒಪ್ಪಿದೆ. ಹೆಸರು ನಿಧಾನಸ್ಥ, ಟೈಪ್ ಮಾಡೋದು ಅವಸರ.

ಖಾಲಿಜೇಬು
ಎಲ್ರೂ ಬಫೆಟ್ ಕಥೆ ಹೇಳ್ತೀರಿ, ಕೊನೆಗೆ ಆತ ಏನಾದ ಅಂತ ಹೇಳಲ್ಲ. ಅದೇ ಬರ್ಕ್‌ಷೈರ್ ಹೆಸರಲ್ಲೇ ಜಗತ್ತಿನ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದ! ಸಿಟ್ಟು ಯಾಕೆ ಕೆಟ್ಟದ್ದು? ನನ್ನ ಹಳೇ ಬಾಸ್ "ನಿನ್ನ ಕೈಲಿ ಏನೂ ಆಗಲ್ಲ" ಅಂದಿದ್ದಕ್ಕೇ ನಾನು ಸ್ವಂತ ಕೆಲಸ ಶುರು ಮಾಡಿದ್ದು. ಆ ಸಿಟ್ಟು ಇಲ್ಲದಿದ್ರೆ ಇವತ್ತೂ ಅವರ ಫೈಲು ಹೊತ್ಕೊಂಡು ಓಡಾಡ್ತಿದ್ದೆ.

ನಿಧಾನಸ್ಥ
ಆತನೇ ಏನು ಅಂದ ಕೇಳಿ. 2010ರ ಒಂದು ಸಂದರ್ಶನದಲ್ಲಿ ತಾನು ಕೊಂಡ ಅತಿ ದಡ್ಡತನದ ಷೇರು ಅಂತ ಬರ್ಕ್‌ಷೈರನ್ನೇ ತೋರಿಸಿದ. ಆ ದುಡ್ಡನ್ನ ಮಿಲ್ಲಿಗೆ ಸುರಿಯೋ ಬದಲು ನೇರವಾಗಿ ಒಂದು ಒಳ್ಳೇ ವಿಮಾ ಕಂಪನಿಗೆ ಹಾಕಿದ್ರೆ ಸುಮಾರು 200 ಶತಕೋಟಿ ಡಾಲರ್ ಹೆಚ್ಚಿಗೆ ಇರ್ತಿತ್ತು ಅಂತ ಅವನದೇ ಅಂದಾಜು. ಆತ ಗೆದ್ದದ್ದು ಸಿಟ್ಟಿನಿಂದ ಅಲ್ಲ, ಆ ಸಿಟ್ಟಿನ ಹೊರೆ ಹೊತ್ಕೊಂಡೂ ಗೆದ್ದ. ನಮ್ಮ ಮಸಿಕೈ ಅವರಿಗೆ ಅಷ್ಟು ಹೊರುವ ಬೆನ್ನು ಇದೆಯಾ?

ಖಾಲಿಜೇಬು
ಇರಬಹುದು. ಆದ್ರೂ ನಿಮ್ಮಂಥೋರ ಮಾತು ಕೇಳಿ ಕೂತ್ರೆ ಯಾರೂ ಯಾವ ಕೆಲಸಾನೂ ಶುರು ಮಾಡಲ್ಲ.

ಹಾರೆಗುದ್ದಲಿ
ಅಲ್ರೀ ಸರ, ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತಾದ ಮ್ಯಾಲೆ ಬರ್ತೈತೇನ್ರೀ? ನಂದೊಂದು ಪದ್ಧತಿ ಐತಿ. ರೊಕ್ಕದ ವಿಷಯದಾಗ ಮನಸ್ಸಿಗೆ ಚುಚ್ಚೋ ಮೆಸೇಜು ಬಂತಂದ್ರ ಉತ್ತರಾ ಬರಿತೀನಿ, ಚಲೋತ್ನಾಗ ಬೈದು ಬರಿತೀನಿ, ಆದ್ರ ಅದನ್ನ ನನ್ನ ನಂಬರಿಗೇ ಕಳಸ್ತೀನಿ. ಮುಂಜಾನೆದ್ದು ಓದಿದ್ರ ಯಾವನೋ ಹುಚ್ಚ ನನಗ ಬೈದಾನ ಅನಸ್ತೈತಿ.

ಟೈರ್‌ಪಂಕ್ಚರ್
ನಾನೂ ಹಂಗೇ ಮಾಡಕ್ ಹೋಗಿ ಫ್ಯಾಮಿಲಿ ಗ್ರೂಪಿಗೆ ಕಳಿಸ್ದೆ.

ಹಾರೆಗುದ್ದಲಿ
ಆಮ್ಯಾಲೆ?

ಟೈರ್‌ಪಂಕ್ಚರ್
ಮಾವ "ಯಾರಿಗಪ್ಪಾ ಇದು" ಅಂದ್ರು. ಅವರಿಗೇ ಆಗಿತ್ತು.

ಸಂಜೆಬಿಸಿಲು
"ಭಾವನೆ ಪಕ್ಕಕ್ಕಿಟ್ಟು ಯೋಚಿಸಿ" ಅಂತ ಉಪದೇಶ ಶುರುವಾಗೋ ಮೊದಲೇ ಒಂದು ಅಡ್ಡಮಾತು ಹಾಕ್ತೀನಿ. ನಾನು ಮನಃಶಾಸ್ತ್ರ ಪಾಠ ಮಾಡೋಳು.

ಆಂಟೋನಿಯೋ ಡಮಾಸಿಯೋ ಅನ್ನೋ ನರವಿಜ್ಞಾನಿ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ, ಗುರುತು ಮರೆಸಲು ಎಲಿಯಟ್ ಅಂತ ಕರೀತಾರೆ. ಮಿದುಳಿನ ಮುಂಭಾಗದ ಗಡ್ಡೆ ತೆಗೆದ ಮೇಲೆ ಆತನ ಬುದ್ಧಿಶಕ್ತಿ ಪರೀಕ್ಷೆಗಳೆಲ್ಲ ಚೆನ್ನಾಗೇ ಬಂದವು. ನೆನಪು, ಮಾತು, ಲೆಕ್ಕ ಎಲ್ಲಾ ಸರಿ. ಹೋದದ್ದು ಭಾವನೆ. ತನ್ನ ಬದುಕು ಹಾಳಾದ ಕಥೆಯನ್ನ ಪಕ್ಕದವರ ಕಥೆ ಥರ ತಣ್ಣಗೆ ಹೇಳ್ತಿದ್ದ. ಭಾವನೆ ಇಲ್ಲದ ಮೇಲೆ ಒಳ್ಳೇ ವ್ಯಾಪಾರಿ ಆಗ್ಬೇಕಿತ್ತಲ್ಲ? ಆಗಲಿಲ್ಲ. ಫೈಲುಗಳನ್ನ ಯಾವ ಕ್ರಮದಲ್ಲಿ ಜೋಡಿಸೋದು ಅಂತ ಇಡೀ ಮಧ್ಯಾಹ್ನ ಕಳೀತಿದ್ದ. ಕೆಲಸ ಹೋಯ್ತು. ಎಲ್ಲರೂ ಬೇಡ ಅಂದ ಒಬ್ಬ ಖೊಟ್ಟಿ ಮನುಷ್ಯನ ಜೊತೆ ಪಾಲುದಾರಿಕೆ ಮಾಡಿ ಇದ್ದ ದುಡ್ಡೂ ಕಳೆದುಕೊಂಡ. ಆ ಮನುಷ್ಯನನ್ನ ನೋಡಿದಾಗ ನಮಗೆ ಹೊಟ್ಟೆಯೊಳಗೆ ಏನೋ ಕಸಿವಿಸಿ ಆಗುತ್ತಲ್ಲ, ಅದು ಎಲಿಯಟ್‌ಗೆ ಆಗಲೇ ಇಲ್ಲ.

ಆದ್ದರಿಂದ ಪ್ರಶ್ನೆ ಭಾವನೆ ಇರಬೇಕೋ ಬೇಡವೋ ಅನ್ನೋದಲ್ಲ, ಅದು ಎಲ್ಲಿಂದ ಬಂತು ಅನ್ನೋದು. ಎದುರಿಗಿರೋ ವ್ಯವಹಾರದಿಂದಲೇ ಹುಟ್ಟಿದ ಭಯ ನಿಮಗೆ ಸುದ್ದಿ ಕೊಡ್ತಿದೆ. 6 ವರ್ಷದ ಹಿಂದಿನ ಆಸ್ಪತ್ರೆ ಮಂಚದಿಂದ ಎದ್ದು ಬಂದ ಸಿಟ್ಟಿಗೆ ಇವತ್ತಿನ ಮಷೀನಿನ ಬಗ್ಗೆ ಏನೂ ಗೊತ್ತಿಲ್ಲ.

ಮೂರನೇಬೆಂಚು
ಎಲ್ರೂ ಸಿಟ್ಟು ಸಿಟ್ಟು ಅಂತಿದ್ದೀರಿ. ನನ್ನನ್ನ ಮುಳುಗಿಸಿದ್ದು ಪ್ರೀತಿ.

ನನ್ನ ವರ್ಕ್‌ಶಾಪಿಗೆ ಮೊದಲು ಸೇರಿದ ಹುಡುಗ. ಸಂಬಳ ಕೊಡೋಕೆ ದುಡ್ಡಿಲ್ಲದ ತಿಂಗಳಲ್ಲೂ ಬಿಟ್ಟು ಹೋಗಲಿಲ್ಲ. ಕೆಲಸ ಬೆಳೀತು, ಹೊಸ ಮಷೀನು ಬಂತು, ಅವನು ಕಲೀಲಿಲ್ಲ. ಕಲಿಯೋಕೆ ಇಷ್ಟಾನೂ ಇರಲಿಲ್ಲ. ಅವನು ಕೆಡಿಸಿದ ಕೆಲಸವನ್ನ ಉಳಿದವರು ರಾತ್ರಿ ಕೂತು ಸರಿ ಮಾಡೋರು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಬಾಯಿ ಬಿಟ್ಟರೆ ಕೃತಘ್ನ ಆಗ್ತೀನಿ ಅಂತ ಭಯ. ಎರಡು ವರ್ಷದಲ್ಲಿ ಮೂರು ಜನ ಒಳ್ಳೇ ಕೆಲಸಗಾರರು ಬಿಟ್ಟು ಹೋದ್ರು. ಮೂರನೆಯವನು ಹೋಗ್ತಾ "ಅಣ್ಣಾ, ನಿಮ್ಮ ಋಣವನ್ನ ನಾವು ತೀರಿಸ್ತಿದೀವಿ" ಅಂದ. ಬೈದಿದ್ರೂ ಅಷ್ಟು ನಾಟ್ತಿರಲಿಲ್ಲ.

ಕೊನೆಗೆ ಆ ಹುಡುಗನನ್ನ ಕೂರಿಸಿ ಮಾತಾಡಿದೆ. ಅವನಿಗೂ ಹೋಗ್ಬೇಕು ಅಂತಿತ್ತಂತೆ, ಅಣ್ಣ ಬೇಜಾರು ಮಾಡ್ಕೋತಾರೆ ಅಂತ ಸುಮ್ನಿದ್ನಂತೆ! ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡ್ಕೊಂಡು ವರ್ಕ್‌ಶಾಪಿಗೆ ಬೀಗ ಹಾಕಿಸೋದ್ರಲ್ಲಿದ್ವಿ.

ತಕ್ಕಡಿ
ಮೂರನೇಬೆಂಚು ಅವರೇ, ಋಣ ತೀರಿಸೋಕೆ ಅವನ ಕೈಗೆ ಒಂದು ಇಡಿಗಂಟು ಕೊಟ್ಟು ಕಳಿಸಿದ್ರೂ ಎರಡು ವರ್ಷದ ಆ ನಷ್ಟಕ್ಕಿಂತ ಕಮ್ಮೀಲಿ ಮುಗೀತಿತ್ತು. ಉಪಕಾರವನ್ನ ಸಂಬಳದ ಖಾತೆಯಲ್ಲಿ ಬರೆದ್ರೆ ಹೀಗೇ ಆಗೋದು.

ಮಸಿಕೈ
ಇಷ್ಟು ಜನ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ತಕ್ಕಡಿ ಮೇಡಂ ಪ್ರಶ್ನೆಗಳಿಗೆ ಉತ್ತರ.

ನನ್ನ ಮಷೀನು ದಿನಕ್ಕೆ ಐದು, ಐದೂವರೆ ಗಂಟೆ ಓಡುತ್ತೆ. ಹೌದು, ಅರ್ಧ ದಿನ ಖಾಲಿ. ಅವನು ಹೊತ್ಕೊಂಡು ಹೋದ ಇಬ್ಬರಲ್ಲಿ ಒಬ್ಬರು ಈಗ ಛಾಪಿಸೋದೇ ಕಮ್ಮಿ ಮಾಡಿದ್ದಾರೆ, ಎಲ್ಲಾ ಫೋನಿನಲ್ಲೇ ಕಳಿಸ್ತಾರೆ. ಜಾಮೀನು ಮನೆ. ಅವನು ಯಾಕೆ ಮಾರ್ತಿದ್ದಾನೆ ಅಂತ ಬ್ರೋಕರ್‌ನ ಕೇಳಲಿಲ್ಲ. ಕೇಳಬೇಕು ಅಂತ ಹೊಳೀಲೇ ಇಲ್ಲ, ನಾಚಿಕೆ ಆಗ್ತಿದೆ.

ಇನ್ನೊಂದು ವಿಷಯ ಹೇಳಿರಲಿಲ್ಲ. ಅಲ್ಲಿರೋ ಕಟಿಂಗ್ ಮಷೀನು ನಾನು ಆರಿಸಿ ತಂದದ್ದು. ಸೆಕೆಂಡ್ ಹ್ಯಾಂಡು. ಮೂರು ದಿನ ನಾನೇ ಬಿಚ್ಚಿ, ತೊಳೆದು, ಜೋಡಿಸಿದ್ದೆ. ಪಾಲು ಮಾಡುವಾಗ ಅವನ ಕಡೆ ಹೋಯ್ತು.

ಅಡ್ಡಗೆರೆ
ಬಂತು ನೋಡಿ ಹೊರಗೆ.

ಸಂಜೆಬಿಸಿಲು
1990ರಲ್ಲಿ ಕಾನೆಮನ್, ನೆಚ್, ಥೇಲರ್ ಮೂವರು ಪ್ರಕಟಿಸಿದ ಪ್ರಯೋಗ ಇದೆ. ತರಗತಿಯ ಅರ್ಧ ಜನಕ್ಕೆ ಒಂದೊಂದು ಮಗ್ಗು ಕೊಟ್ಟು ಎಷ್ಟಕ್ಕೆ ಮಾರ್ತೀರಿ ಅಂದ್ರು. ಉಳಿದವರಿಗೆ ಎಷ್ಟಕ್ಕೆ ಕೊಳ್ತೀರಿ ಅಂದ್ರು. ಮಾರೋರು ಹೇಳಿದ ಬೆಲೆ ಕೊಳ್ಳೋರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಮಗ್ಗು ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತು, ಅಷ್ಟೆ. ನೀವು ಮೂರು ದಿನ ತೊಳೆದಿದ್ದೀರಿ.

ಟೈರ್‌ಪಂಕ್ಚರ್
ಸುತ್ತಿ ಬಳಸಿ ಹಳೇ ಗಂಡನ ಪಾದವೇ ಗತಿ.

ಹಾರೆಗುದ್ದಲಿ
ಹಳೇ ಕಟಿಂಗ್ ಮಷೀನು ಭಾಳ ಗಟ್ಟಿ ಇರ್ತಾವ್ರೀ. ಈಗಿನವು ನಾಜೂಕು. ನಮ್ಮ ದೋಸ್ತನ ಕಡೆ ಒಂದೈತಿ, ಅವರಪ್ಪನ ಕಾಲದ್ದು.

ಖಾಲಿಜೇಬು
ಗಟ್ಟಿ ಸರಿ, ಹಳೇದ್ರಲ್ಲಿ ಕೈ ಕಾಯೋ ಸೆನ್ಸರ್ ಇರಲ್ಲ. ನನ್ನ ಚಿಕ್ಕಪ್ಪನ ಎರಡು ಬೆರಳು ಅಂಥದ್ರಲ್ಲೇ ಹೋದದ್ದು.

ಹಾರೆಗುದ್ದಲಿ
ಅದೂ ಖರೇನೇ ಬಿಡ್ರಿ.

ಪಾದಚಾರಿ
ವಿಷಯಕ್ಕೆ ಬರೋಣ. 1985ರಲ್ಲಿ ಇಂಟೆಲ್ ಕಂಪನಿ ಮೆಮೊರಿ ಚಿಪ್ ಮಾರುಕಟ್ಟೆಯಲ್ಲಿ ಜಪಾನಿನವರ ಪೈಪೋಟಿಗೆ ಸಿಕ್ಕಿ ಒದ್ದಾಡ್ತಿತ್ತು. ಆ ಕಂಪನಿ ಹುಟ್ಟಿದ್ದೇ ಮೆಮೊರಿಯಿಂದ, ಬಿಡೋಕೆ ಯಾರಿಗೂ ಮನಸ್ಸಿಲ್ಲ. ಆಂಡಿ ಗ್ರೋವ್ ತಮ್ಮ ಮುಖ್ಯಸ್ಥ ಗಾರ್ಡನ್ ಮೂರ್ ಅವರನ್ನ ಕೇಳಿದ್ರು: ನಮ್ಮಿಬ್ಬರನ್ನೂ ಕಿತ್ತುಹಾಕಿ ಹೊಸಬನನ್ನ ತಂದು ಕೂರಿಸಿದ್ರೆ ಅವನು ಏನು ಮಾಡ್ತಾನೆ? ಮೆಮೊರಿ ಬಿಟ್ಟುಬಿಡ್ತಾನೆ ಅಂದ್ರು ಮೂರ್. ಹಾಗಾದ್ರೆ ನಾವೇ ಬಾಗಿಲಾಚೆ ಹೋಗಿ, ವಾಪಸ್ ಒಳಗೆ ಬಂದು ಆ ಕೆಲಸ ಮಾಡೋಣ ಅಂದ್ರು ಗ್ರೋವ್.

ಮಸಿಕೈ ಅವರೇ, ನಿಮ್ಮ ಪ್ರೆಸ್ಸನ್ನ ನಿನ್ನೆ ಯಾರೋ ಅಪರಿಚಿತ ಕೊಂಡ ಅಂದ್ಕೊಳ್ಳಿ. ಅರ್ಧ ದಿನ ಖಾಲಿ ಇರೋ ಮಷೀನು ಇಟ್ಕೊಂಡು, ಮನೆ ಒತ್ತೆ ಇಟ್ಟು ಅವನು ಇನ್ನೊಂದು ಪ್ರೆಸ್ ತಗೋತಾನಾ?

ಖಾಲಿಜೇಬು
ಈ ಅಪರಿಚಿತನ ಕಥೆ ಕೇಳೋಕೆ ಚೆಂದ. ಆದ್ರೆ ಅಪರಿಚಿತನಿಗೆ ಆ ಗಿರಾಕಿಗಳ ಗುಣ ಗೊತ್ತಾ? ಯಾರು ಉದ್ರಿ ಹೇಳಿ ತಿಂಗಳಾನುಗಟ್ಟಲೆ ಓಡಾಡಿಸ್ತಾರೆ, ಯಾರು ಕರೆದು ಕೊಡ್ತಾರೆ ಅಂತ ಗೊತ್ತಾ? ಇವರಿಗೆ ಗೊತ್ತು. 11 ವರ್ಷದ ಅನುಭವವನ್ನೂ ಭಾವನೆ ಜೊತೆ ಸೇರಿಸಿ ಹೊರಗೆಸೆದ್ರೆ ಉಳಿಯೋದೇನು?

ಪಾದಚಾರಿ
ಒಳ್ಳೇ ಪಾಯಿಂಟು. ಅನುಭವ ಆದ್ರೆ ಅದನ್ನ ಕಾಗದದ ಮೇಲೆ ಬರೆಯೋಕೆ ಬರ್ಬೇಕು, ಇಂಥ ಗಿರಾಕಿ, ಇಂತಿಷ್ಟು ಕೆಲಸ ಅಂತ. "ನನಗೆ ಗೊತ್ತು ಬಿಡಿ" ಅಂತ ಮಾತ್ರ ಬಂದ್ರೆ ನನಗೆ ಸಂಶಯ.

ನಿಧಾನಸ್ಥ
ಬರೆಯೋದು ಅಂದಾಗ ನೆನಪಾಯ್ತು. ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿ ಇದೇ ಉಪಾಯ ಹೇಳಿದ್ದ. ಹಾಳೆಗೆ ನಡುವೆ ಗೆರೆ ಎಳೆದು ಒಂದು ಕಡೆ ಪರ, ಒಂದು ಕಡೆ ವಿರುದ್ಧ. ಮೂರು ನಾಲ್ಕು ದಿನ ಹೊಳೆದ ಹಾಗೆಲ್ಲ ಬರೀತಾ ಹೋಗೋದು. ಎರಡೂ ಕಡೆ ಸಮತೂಕದವನ್ನ ಹೊಡೆದುಹಾಕಿ ಉಳಿದದ್ದನ್ನ ನೋಡೋದು.

ಅಡ್ಡಗೆರೆ
ಪಟ್ಟಿ ಬರೆಯೋದೂ ನಮ್ಮ ಕೈಯೇ ತಾನೆ? ಕಾರು ಕೊಳ್ಳುವಾಗ ನಾನೂ ಬರೆದೆ. "ಬೇಡ" ಕಡೆ ಆರು ಇದ್ವು. ರಾತ್ರಿ ಎದ್ದು "ಬೇಕು" ಕಡೆ ಏಳು ಮಾಡಿ ಮಲಗಿದೆ.

ನನ್ನ ಭಯ ಬೇರೆ. ಬ್ರೋಕರ್ ಈಗ "ಇನ್ನೊಂದು ಪಾರ್ಟಿ ಇದೆ" ಅಂತಾನೆ, ಇಲ್ಲದಿದ್ರೆ ನನ್ನ ಹೆಸರು ಬದಲಾಯಿಸಿ. ಆಗ ನಿಮ್ಮ ಕಣ್ಣಿಗೆ ಮಷೀನು ಕಾಣಲ್ಲ, ಆ ಇನ್ನೊಂದು ಪಾರ್ಟಿ ಕಾಣುತ್ತೆ. ಹರಾಜಿನಲ್ಲಿ ಗೆದ್ದವನೇ ಸೋಲೋದು ಹೊಸದಲ್ಲ. 1971ರಲ್ಲೇ ಕೇಪನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಅನ್ನೋ ಮೂವರು ಎಂಜಿನಿಯರುಗಳು ತೈಲ ನಿಕ್ಷೇಪಗಳ ಹರಾಜು ನೋಡಿ ಬರೆದಿದ್ರು. ನೆಲದಡಿ ಎಷ್ಟು ಎಣ್ಣೆ ಇದೆ ಅಂತ ಯಾರಿಗೂ ಗೊತ್ತಿಲ್ಲ, ಎಲ್ರದ್ದೂ ಅಂದಾಜೇ. ಎಲ್ಲರಿಗಿಂತ ಜಾಸ್ತಿ ಎಣ್ಣೆ ಇದೆ ಅಂತ ತಪ್ಪು ಅಂದಾಜು ಮಾಡಿದವನ ಕೈಗೇ ಹೆಚ್ಚಾಗಿ ಜಾಗ ಸಿಗೋದು. ಅವರು ಸೇಡಿಲ್ಲದೆ ಸೋತರು. ಸೇಡೂ ಸೇರಿದ್ರೆ?

ಮೊದಲೇ ಒಂದು ಮೇಲ್ಮಿತಿ ಬರೆದು ಬೇರೆಯವರ ಕೈಗೆ ಕೊಡಿ. ಬ್ರೋಕರ್ ಜೊತೆ ಮಾತಾಡೋರೂ ಅವರೇ ಆಗ್ಲಿ.

ತಕ್ಕಡಿ
ಮಸಿಕೈ ಅವರೇ, ಪ್ರತಿ ಸಲ ಲಾಭ ಬರ್ತಿದೆ ಅಂದ್ರಲ್ಲ. ಯಾಕೆ ಅಂತ ನನಗೆ ಅಂದಾಜಿದೆ. ಮುಂದಿನ ವರ್ಷ ಎಷ್ಟು ಕೆಲಸ ಬರುತ್ತೆ ಅನ್ನೋ ಜಾಗದಲ್ಲಿ ನೀವು ದೊಡ್ಡ ಅಂಕಿ ಬರೆದಿದ್ದೀರಿ. ನಿಮ್ಮ ಸಿಟ್ಟು ಅಲ್ಲಿ ಕೂತಿದೆ, ಗಿರಾಕಿ ವೇಷ ಹಾಕ್ಕೊಂಡು.

ಅದನ್ನ ಓಡಿಸೋಕೆ ಹೋಗ್ಬೇಡಿ, ಹೋಗಲ್ಲ. ಅದಕ್ಕೆ ಅದರದ್ದೇ ಒಂದು ಸಾಲು ಕೊಡಿ. ಮೊದಲ ಸಾಲು: ಬಿಡಿಬಿಡಿಯಾಗಿ ಮಾರಿದ್ರೆ ಆ ಮಷೀನುಗಳಿಗೆ ಎಷ್ಟು ಬರುತ್ತೆ. ಎರಡನೇದು: ನಿಮ್ಮ ಖಾಲಿ ಐದು ಗಂಟೆ ತುಂಬಿದ ಮೇಲೂ ಉಳಿಯೋ ಕೆಲಸ ಇದ್ರೆ, ಅದರ ಲಾಭ. ಮೂರನೇದು: ಬೋರ್ಡು ಇಳಿಸೋ ಖುಷಿಗೆ ನಾನು ಎಷ್ಟು ಕೊಡ್ತೀನಿ. ನಾಚ್ಕೋಬೇಡಿ, ಖುಷಿಗೆ ದುಡ್ಡು ಖರ್ಚು ಮಾಡೋದು ತಪ್ಪಲ್ಲ, ಜನ ಪ್ರವಾಸ ಹೋಗಲ್ವಾ? ಆದ್ರೆ ಪ್ರವಾಸದ ಖರ್ಚನ್ನ ಯಾರೂ ಬಂಡವಾಳ ಅಂತ ಬರೆಯಲ್ಲ. ಮೂರನೇ ಸಾಲನ್ನ ಮನೆಯವರಿಗೆ ಜೋರಾಗಿ ಓದಿ ಹೇಳಿ.

ಖಾಲಿಜೇಬು
ಇದು ಚೆನ್ನಾಗಿದೆ. ಒಪ್ಕೋಬಾರದು ಅಂತಿದ್ದೆ.

ಮೂರನೇಬೆಂಚು
ನಾನು ಆ ಹುಡುಗನಿಗೂ ಒಂದು ಸಾಲು ಬರೀಬೇಕಿತ್ತು.

ಮಸಿಕೈ (ಒಂಬತ್ತು ದಿನದ ನಂತರ)
ಏನಾಯ್ತು ಅಂತ ಮೂರು ಜನ ಕೇಳಿದ್ರಿ.

ಮೂರೂ ಸಾಲು ಬರೆದೆ. ಮೊದಲನೇದು ಸಾಧಾರಣ. ಎರಡನೇದು, ಪ್ರಾಮಾಣಿಕವಾಗಿ ಗಿರಾಕಿ ಹೆಸರು ಹಿಡಿದು ಬರೆದಾಗ, ಸೊನ್ನೆ. ಸೊನ್ನೆ ಅಂದ್ರೆ ಸೊನ್ನೆಯೇ. ಬ್ರೋಕರ್ ಕೇಳಿದ್ದ ಬೆಲೆಯಲ್ಲಿ ಮೊದಲ ಸಾಲು ಕಳೆದು ಉಳಿದದ್ದೆಲ್ಲ ಮೂರನೇದಕ್ಕೆ ಬಿತ್ತು. ನನ್ನ ಪ್ರೆಸ್ಸಿನ ಎಲ್ಲಾ ಕೆಲಸಗಾರರ ಎಂಟು ತಿಂಗಳ ಸಂಬಳ. ಹೆಂಡತಿಗೆ ಓದಿ ಹೇಳಿದೆ. ಅವಳು ಬೈತಾಳೆ ಅಂದ್ಕೊಂಡಿದ್ದೆ. "ಅಷ್ಟೊಂದು ನೋವಾಗಿತ್ತಾ ನಿಮಗೆ?" ಅಂದಳು. ಆಮೇಲೆ ನನಗೆ ಮಾತಾಡೋಕಾಗಲಿಲ್ಲ.

ಬ್ರೋಕರ್‌ಗೆ ಕಟಿಂಗ್ ಮಷೀನು ಮತ್ತೆ ಸ್ಟಿಚಿಂಗ್ ಮಷೀನು ಎರಡಕ್ಕೆ ಮಾತ್ರ ಬೆಲೆ ಹೇಳಿದ್ವಿ, ಮಾತಾಡಿದ್ದು ಹೆಂಡತಿ. "ಇನ್ನೊಂದು ಪಾರ್ಟಿ ಇದೆ" ಅಂದನಂತೆ. ಅಡ್ಡಗೆರೆ ಅವರ ಹೆಸರು ಬದಲಾಯಿಸೋ ಅಗತ್ಯ ಇಲ್ಲ. ಇವಳು "ಹಾಗಾದ್ರೆ ಅವರಿಗೇ ಕೊಡಿ" ಅಂದಳು. ನಾನು ಪಕ್ಕದ ರೂಮಿನಲ್ಲಿ ಎದ್ದು ನಿಂತುಬಿಟ್ಟಿದ್ದೆ.

ಎರಡು ದಿನ ಸುಮ್ನಿದ್ರು. ಆಮೇಲೆ ಅವನೇ ಫೋನ್ ಮಾಡಿದ. ಬ್ರೋಕರ್ ಅಲ್ಲ, ಅವನು. ಆರು ವರ್ಷದ ಮೇಲೆ ಮೊದಲ ಸಲ. ಕ್ಷಮೆ ಗಿಮೆ ಏನಿಲ್ಲ. ಕಟಿಂಗ್ ಮಷೀನಿನ ಕ್ಲಚ್ಚು ಸ್ವಲ್ಪ ಜಾರುತ್ತೆ, ನೋಡ್ಕೊಂಡು ತಗೋ ಅಂದ. ಯಾಕೆ ಮಾರ್ತಿದೀಯ ಅಂತ ಕೇಳಿದೆ. ಕೆಲಸ ಇಲ್ಲ ಅಂದ. ಎರಡೂ ಮಷೀನು ಸೋಮವಾರ ಬರ್ತವೆ.

ಟೈರ್‌ಪಂಕ್ಚರ್
ಬೋರ್ಡು?

ಮಸಿಕೈ
ಬೋರ್ಡು ಇನ್ನೂ ಅಲ್ಲೇ ಇದೆ. ಆ ರಸ್ತೆ ಬಿಟ್ಟು ಬೇರೆ ದಾರೀಲಿ ಓಡಾಡ್ತಿದೀನಿ.

ಖಾಲಿಜೇಬು
ಸೆನ್ಸರ್ ಹಾಕಿಸಿ ಸಾರ್, ಮರೀಬೇಡಿ.

ಹಾರೆಗುದ್ದಲಿ
ಎಷ್ಟು ಇಂಚಿಂದ್ರೀ ಅದು?

ಮಸಿಕೈ
36.